ಬೀದಿಯ ಮಾರಿಯನ್ನು ಮನೆಗೆ ಕರೆದವರು

1922ರ ಅಕ್ಟೋಬರ್ ತಿಂಗಳ ಕೊನೆಯ ವಾರ. ರೋಮ್ ನಗರದ ಹೊರಗೆ ಮಳೆ ಸುರಿಯುತ್ತಿದೆ. ಟಿವೊಲಿ, ಮಾಂಟೆರೊಟಾಂಡೊ, ಸಾಂತಾ ಮರಿನೆಲ್ಲಾ ಎಂಬ ಊರುಗಳ ಬಳಿ ಕರಿ ಅಂಗಿ ತೊಟ್ಟ ಸಾವಿರಾರು ಗಂಡಸರು ತೊಯ್ದು ತೊಪ್ಪೆಯಾಗಿ ನಿಂತಿದ್ದಾರೆ. ಕೆಲವರ ಹೆಗಲಿಗೆ ಬಂದೂಕು, ಹಲವರ ಕೈಯಲ್ಲಿ ಬರೀ ದೊಣ್ಣೆ. ಹೊಟ್ಟೆಗೆ ಸರಿಯಾದ ಊಟವಿಲ್ಲ, ತಲೆಯ ಮೇಲೆ ಸೂರಿಲ್ಲ. ಅವರು ಬರುವ ರೈಲು ದಾರಿಯನ್ನು ಸೈನ್ಯ ಅಲ್ಲಲ್ಲಿ ಕಡಿದುಹಾಕಿದೆ. ನಗರದೊಳಗೆ ತುಕಡಿಗಳು ಫಿರಂಗಿಗಳ ಸಮೇತ ಕಾದಿವೆ. ಮೇಲಿಂದ ಒಂದು ಆಜ್ಞೆ ಬಂದರೆ ಸಾಕು, ಈ ಜಾತ್ರೆ ಚೆದುರಿಹೋಗುತ್ತದೆ.

ಆಜ್ಞೆ ಬರೆದಿಟ್ಟೂ ಆಗಿತ್ತು. ಪ್ರಧಾನಿ ಲುಯಿಜಿ ಫಾಕ್ತಾ 28ರ ಬೆಳಗ್ಗೆ ಸೈನಿಕ ಕಾನೂನು ಹೇರುವ ಆ ಕಾಗದವನ್ನು ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲನ ಮುಂದಿಟ್ಟರು. ದೊರೆ ಸಹಿ ಹಾಕಲಿಲ್ಲ.

ಕರಿ ಅಂಗಿಯವರ ನಾಯಕ ಬೆನಿಟೊ ಮುಸೊಲಿನಿ ಆಗ ಆ ಮಳೆಯಲ್ಲಿರಲಿಲ್ಲ. ನೂರಾರು ಮೈಲಿ ದೂರದ ಮಿಲಾನ್‌ನಲ್ಲಿ ಕೂತು ಅರಮನೆಯ ಕರೆಗೆ ಕಾಯುತ್ತಿದ್ದ. ಕರೆ ಬಂತು. ರಾತ್ರಿ ರೈಲು ಹತ್ತಿದವನು 30ರ ಬೆಳಗ್ಗೆ ರೋಮ್‌ನಲ್ಲಿ ಇಳಿದ, ಪ್ರಧಾನಿಯಾದ. ಅವನ ಹಿಂಬಾಲಕರು ರಾಜಧಾನಿಯ ಬೀದಿಗಳಲ್ಲಿ ಮೆರವಣಿಗೆ ಹೊರಟದ್ದು ಅದರ ಮರುದಿನ. ಮುಂದೆ ಪಠ್ಯಪುಸ್ತಕಗಳಲ್ಲಿ ‘ರೋಮ್ ದಂಡಯಾತ್ರೆ’ ಎಂದು ಮೆರೆದ ಘಟನೆಯಲ್ಲಿ ದಂಡು ಊರು ಹೊಕ್ಕದ್ದು ಗದ್ದುಗೆ ಸಿಕ್ಕಿದ ಮೇಲೆ.

ಸರ್ವಾಧಿಕಾರಿಗಳು ಕೋಟೆ ಒಡೆದು ನುಗ್ಗಿದರು ಎಂದು ನಾವು ಸಾಮಾನ್ಯವಾಗಿ ಅಂದುಕೊಂಡಿದ್ದೇವೆ. ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಕಥೆಯನ್ನು ಹತ್ತಿರದಿಂದ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಇಟಲಿಯಲ್ಲೂ ಜರ್ಮನಿಯಲ್ಲೂ ಬಾಗಿಲಿನ ಅಗುಳಿ ತೆಗೆದದ್ದು ಒಳಗಿದ್ದವರೇ.

ಹಳೆಯ ಹೆಸರು, ಹೊಸ ಪ್ರಾಣಿ

‘ಡಿಕ್ಟೇಟರ್’ ಎಂಬುದು ಪ್ರಾಚೀನ ರೋಮ್‌ನಲ್ಲಿ ಒಂದು ಹುದ್ದೆ. ರಾಜ್ಯಕ್ಕೆ ಗಂಡಾಂತರ ಬಂದಾಗ ಒಬ್ಬನ ಕೈಗೆ ಎಲ್ಲ ಅಧಿಕಾರ ಕೊಡುತ್ತಿದ್ದರು. ಅವಧಿ ಹೆಚ್ಚೆಂದರೆ ಆರು ತಿಂಗಳು. ನಮ್ಮ ‘ಸರ್ವಾಧಿಕಾರಿ’ಯೂ ಬೈಗುಳವಾಗಿ ಹುಟ್ಟಿದ ಮಾತಲ್ಲ. 18ನೇ ಶತಮಾನದ ಮೈಸೂರಿನಲ್ಲಿ ಕಳಲೆಯ ನಂಜರಾಜಯ್ಯ ಹೊತ್ತಿದ್ದ ಪದವಿಯ ಹೆಸರೇ ಅದು. ಅರಸರು ಸಿಂಹಾಸನದ ಮೇಲಿದ್ದರು, ಆಳ್ವಿಕೆ ಸರ್ವಾಧಿಕಾರಿಯ ಕೈಯಲ್ಲಿತ್ತು.

20ನೇ ಶತಮಾನದ ಸರ್ವಾಧಿಕಾರಿ ಹೊಸ ಜಾತಿಯ ಪ್ರಾಣಿ. ಅವನ ಹಿಂದೆ ಸೈನ್ಯದ ಜೊತೆ ಸದಸ್ಯತ್ವದ ಚೀಟಿ ಹಿಡಿದ ಪಕ್ಷವಿತ್ತು, ಸಮವಸ್ತ್ರ ತೊಟ್ಟ ಹುಡುಗರ ಪಡೆಯಿತ್ತು, ಪತ್ರಿಕೆಯಿತ್ತು, ಆಮೇಲೆ ರೇಡಿಯೊ ಬಂತು. ಹಳೆಯ ಅರಸನಿಗೆ ಪ್ರಜೆ ಕಂದಾಯ ಕಟ್ಟಿ ಸುಮ್ಮನಿದ್ದರೆ ಸಾಕಿತ್ತು. ಇವನಿಗೆ ಜೈಕಾರವೂ ಬೇಕಿತ್ತು.

ಯುದ್ಧ ಮುಗಿದರೂ ಮನೆಗೆ ಮರಳದವರು

ಇದರ ಬೇರು 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿದೆ. 90 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ರಷ್ಯಾ, ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಆಟೊಮನ್ ಎಂಬ ನಾಲ್ಕು ಸಾಮ್ರಾಜ್ಯಗಳು ಕುಸಿದವು. ಅವುಗಳ ಅವಶೇಷದ ಮೇಲೆ ಹೊಸ ಗಣರಾಜ್ಯಗಳು ಎದ್ದವು. ಹೊಸ ಸಂವಿಧಾನ, ಹೊಸ ಸಂಸತ್ತು, ಹಲವೆಡೆ ಹೆಂಗಸರಿಗೂ ಮತ. ಆದರೆ ಪಕ್ಷಗಳು ಹತ್ತಾರು. ಒಂದು ಸರ್ಕಾರ ರಚಿಸಲು ನಾಲ್ಕೈದು ಪಕ್ಷಗಳು ಕೂಡಬೇಕು, ಒಂದು ಮುನಿದರೆ ಸರ್ಕಾರ ಬೀಳಬೇಕು.

ಜನರ ಎದೆಯಲ್ಲಿ ಮೂರು ಕೆಂಡಗಳಿದ್ದವು. ಮೊದಲನೆಯದು ಅವಮಾನ. 1919ರ ವರ್ಸೇಲ್ಸ್ ಒಪ್ಪಂದ ಯುದ್ಧದ ಹೊಣೆಯನ್ನು ಜರ್ಮನಿಯ ತಲೆಗೆ ಕಟ್ಟಿ ದಂಡ ಹಾಕಿತು. ಗೆದ್ದ ಪಕ್ಷದಲ್ಲಿದ್ದ ಇಟಲಿಗೂ ಸಿಗಬೇಕಾದ ನೆಲ ಸಿಗಲಿಲ್ಲವೆಂಬ ಉರಿ.

ಎರಡನೆಯದು ಭಯ. ರಷ್ಯಾದಲ್ಲಿ 1917ರ ಕ್ರಾಂತಿ ಜಮೀನ್ದಾರರನ್ನೂ ಕಾರ್ಖಾನೆ ಮಾಲೀಕರನ್ನೂ ಗುಡಿಸಿಹಾಕಿತ್ತು. 1920ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕಾರ್ಮಿಕರು ಕಾರ್ಖಾನೆಗಳನ್ನೇ ವಶಪಡಿಸಿಕೊಂಡು ಕೂತಾಗ, ನಾಳೆ ನಮ್ಮ ಸರದಿ ಎಂದು ಉಳ್ಳವರು ನಡುಗಿದರು.

ಮೂರನೆಯದು ಹಣದ ಸಾವು. 1923ರ ನವೆಂಬರ್ ಹೊತ್ತಿಗೆ ಜರ್ಮನಿಯಲ್ಲಿ ಒಂದು ಡಾಲರ್ ಕೊಳ್ಳಲು 4.2 ಲಕ್ಷ ಕೋಟಿ ಮಾರ್ಕ್ ಬೇಕಾಯಿತು. ಮೇಷ್ಟ್ರುಗಳು, ಗುಮಾಸ್ತರು, ವಿಧವೆಯರು ಜೀವಮಾನವಿಡೀ ಕೂಡಿಟ್ಟ ಗಂಟು ಒಂದು ರೊಟ್ಟಿಗೂ ಸಾಲದಾಯಿತು. ಮರ್ಯಾದೆಯಿಂದ ಬದುಕಿದ್ದವರಿಗೆ ಸರ್ಕಾರದ ಮಾತಿನ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು.

ಇವರ ನಡುವೆ ಕಂದಕಗಳಿಂದ ಮರಳಿದ ಯುವಕರು. ನಾಲ್ಕು ವರ್ಷ ಬಂದೂಕು ಹಿಡಿದವರಿಗೆ ಊರಿನಲ್ಲಿ ಕೆಲಸವಿಲ್ಲ, ಮನಸ್ಸಿನಲ್ಲಿ ಯುದ್ಧ ಮುಗಿದಿಲ್ಲ. ಮುಸೊಲಿನಿಯ ಪಡೆಯ ಕರಿ ಅಂಗಿ ಕೂಡ ಇಟಲಿ ಸೈನ್ಯದ ದಿಟ್ಟ ದಾಳಿಪಡೆಯಿಂದ ಬಂದ ಉಡುಪು.

ಹೊಲಗದ್ದೆಗಳಲ್ಲಿ ದೊಣ್ಣೆಯ ರಾಜ್ಯ

ಕಮ್ಮಾರನ ಮಗ ಮುಸೊಲಿನಿ ಮೊದಲು ಶಾಲಾ ಮೇಷ್ಟ್ರು, ಆಮೇಲೆ ಸಮಾಜವಾದಿ ಪಕ್ಷದ ಪತ್ರಿಕೆಯ ಸಂಪಾದಕ. ಯುದ್ಧಕ್ಕೆ ಇಟಲಿ ಸೇರಬೇಕೆಂದು ವಾದಿಸಿ ಪಕ್ಷದಿಂದ ಹೊರಬಿದ್ದ. 1919ರ ಮಾರ್ಚ್‌ನಲ್ಲಿ ಮಿಲಾನ್‌ನ ಒಂದು ಸಭಾಂಗಣದಲ್ಲಿ ಸಣ್ಣ ಗುಂಪು ಸೇರಿಸಿ ಫ್ಯಾಸಿಸ್ಟರೆಂಬ ಹೊಸ ಸಂಘಟನೆ ಕಟ್ಟಿದ. ಅದೇ ವರ್ಷದ ಚುನಾವಣೆಯಲ್ಲಿ ಅವನ ಪಟ್ಟಿಗೆ ಒಂದು ಸ್ಥಾನವೂ ಸಿಗಲಿಲ್ಲ.

ಅವನಿಗೆ ಜೀವ ಬಂದದ್ದು ಉತ್ತರ ಇಟಲಿಯ ಪೊ ನದಿಯ ಬಯಲಿನಲ್ಲಿ. ಅಲ್ಲಿ ಕೂಲಿಕಾರರ ಸಂಘಗಳು ಬಲವಾಗಿದ್ದವು. ಯಾರನ್ನು ಕೆಲಸಕ್ಕೆ ಕರೆಯಬೇಕು, ಎಷ್ಟು ಕೂಲಿ ಎಂಬುದನ್ನು ಸಂಘವೇ ಹೇಳುತ್ತಿತ್ತು. ಜಮೀನ್ದಾರರು ಹಣ ಕೊಟ್ಟರು, ಫ್ಯಾಸಿಸ್ಟ್ ಹುಡುಗರು ರಾತ್ರಿ ಲಾರಿಗಳಲ್ಲಿ ಬಂದರು. ಸಂಘದ ಕಚೇರಿಗಳಿಗೆ ಬೆಂಕಿ ಬಿತ್ತು. ಮುಂದಾಳುಗಳಿಗೆ ದೊಣ್ಣೆಯೇಟು, ಜೊತೆಗೆ ಬಲವಂತವಾಗಿ ಕುಡಿಸುವ ಹರಳೆಣ್ಣೆ, ಊರೆದುರು ಮಾನ ಕಳೆಯಲೆಂದೇ.

ಪೊಲೀಸರು ಹಲವೆಡೆ ಬೇರೆ ಕಡೆ ನೋಡಿದರು. ಕೆಲವು ಸೇನಾಧಿಕಾರಿಗಳು ವಾಹನ, ಬಂದೂಕು ಒದಗಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ದೂರು ಕೊಡುವುದು ಯಾರಿಗೆ?

ಇಷ್ಟಾದರೂ ಫ್ಯಾಸಿಸ್ಟರು ದೇಶವನ್ನೇನೂ ಗೆದ್ದಿರಲಿಲ್ಲ. 1921ರಲ್ಲಿ ಹಿರಿಯ ಮುತ್ಸದ್ದಿ ಜೊವಾನ್ನಿ ಜೊಲಿತ್ತಿ ಅವರನ್ನು ತಮ್ಮ ಚುನಾವಣಾ ಕೂಟಕ್ಕೆ ಸೇರಿಸಿಕೊಂಡರು. ಬೀದಿಯ ಹುಡುಗರು ಸಂಸತ್ತಿಗೆ ಬಂದರೆ ಮೆತ್ತಗಾಗುತ್ತಾರೆ ಎಂಬ ಲೆಕ್ಕ. 535 ಸ್ಥಾನಗಳಲ್ಲಿ ಅವರಿಗೆ ಸಿಕ್ಕಿದ್ದು 35. ಸ್ಥಾನ ಕಡಿಮೆ, ಆದರೆ ಒಂದು ಗೌರವದ ಮುದ್ರೆ ಬಿತ್ತು. ಮರುವರ್ಷ ದೊರೆ ಕರೆ ಕಳಿಸಿದ್ದು ಈ 35ರ ನಾಯಕನಿಗೆ.

ಕಾನೂನಿನ ಕೈಯಿಂದಲೇ ಕಾನೂನಿನ ಕೊಲೆ

ಮುಸೊಲಿನಿಯ ಮೊದಲ ಸಂಪುಟದಲ್ಲಿ ಫ್ಯಾಸಿಸ್ಟರು ಬೆರಳೆಣಿಕೆಯಷ್ಟು. ಉಳಿದವರು ಉದಾರವಾದಿಗಳು, ಕ್ಯಾಥೊಲಿಕ್ ಪಕ್ಷದವರು, ಸೇನಾನಾಯಕರು. ಸಂಸತ್ತು 116ರ ಎದುರು 306 ಮತಗಳಿಂದ ಅವನಲ್ಲಿ ವಿಶ್ವಾಸ ತೋರಿಸಿತು. ದೇಶದಲ್ಲಿ ಶಾಂತಿ ಬರಲಿ, ಮುಷ್ಕರಗಳು ನಿಲ್ಲಲಿ, ಆಮೇಲೆ ಇವನನ್ನು ನೋಡಿಕೊಂಡರಾಯಿತು ಎಂಬುದು ಹಿರಿಯರ ಎಣಿಕೆ.

1923ರಲ್ಲಿ ಹೊಸ ಚುನಾವಣಾ ಕಾಯ್ದೆ ಬಂತು. ಕನಿಷ್ಠ ಕಾಲುಭಾಗ ಮತ ಪಡೆದು ಮೊದಲು ಬಂದ ಪಟ್ಟಿಗೆ ಮೂರರಲ್ಲಿ ಎರಡು ಪಾಲು ಸ್ಥಾನ! ಇದಕ್ಕೂ ಸಂಸತ್ತು ಕೈಯೆತ್ತಿತು. 1924ರ ಏಪ್ರಿಲ್ ಚುನಾವಣೆ ದೊಣ್ಣೆಯ ನೆರಳಲ್ಲಿ ನಡೆಯಿತು.

ಮೇ 30ರಂದು ಸಮಾಜವಾದಿ ಸಂಸದ ಜಾಕೊಮೊ ಮಟ್ಟಿಯೊಟ್ಟಿ ಸದನದಲ್ಲಿ ಎದ್ದುನಿಂತು, ಗದ್ದಲದ ನಡುವೆ, ಚುನಾವಣೆಯ ಹಿಂಸೆಯನ್ನೂ ಮೋಸವನ್ನೂ ಒಂದೊಂದಾಗಿ ಬಿಚ್ಚಿಟ್ಟರು. ಜೂನ್ 10ರಂದು ರೋಮ್‌ನ ನದಿದಂಡೆಯ ರಸ್ತೆಯಲ್ಲಿ ಅವರನ್ನು ಕಾರಿಗೆ ಎಳೆದು ಹಾಕಿಕೊಂಡು ಹೋದರು. ಶವ ಸಿಕ್ಕಿದ್ದು ಆಗಸ್ಟ್‌ನಲ್ಲಿ, ನಗರದ ಹೊರಗಿನ ಕಾಡಿನಲ್ಲಿ.

ದೇಶ ದಂಗಾಯಿತು. ಮುಸೊಲಿನಿಯ ಕುರ್ಚಿ ನಿಜವಾಗಿ ಅಲುಗಾಡಿದ ತಿಂಗಳುಗಳವು. ವಿರೋಧ ಪಕ್ಷದವರು ಸದನ ಬಿಟ್ಟು ಹೊರನಡೆದರು. ದೊರೆ ಅವನನ್ನು ವಜಾ ಮಾಡುತ್ತಾನೆಂದು ಕಾದರು. ದೊರೆ ಈ ಸಲವೂ ಕೈ ಕಟ್ಟಿ ಕೂತ. 1925ರ ಜನವರಿ 3ರಂದು ಮುಸೊಲಿನಿ ಸದನದಲ್ಲೇ, ನಡೆದುದಕ್ಕೆಲ್ಲ ತಾನೇ ಹೊಣೆ ಎಂದು ಘೋಷಿಸಿ, ಏನು ಮಾಡುತ್ತೀರೋ ಮಾಡಿ ಎಂಬಂತೆ ಸವಾಲೆಸೆದ. ಯಾರೂ ಏನೂ ಮಾಡಲಿಲ್ಲ. 1926ರ ಕೊನೆಗೆ ವಿರೋಧ ಪಕ್ಷಗಳೇ ಇರಲಿಲ್ಲ.

ಸೋಲುತ್ತಿದ್ದವನಿಗೆ ಗದ್ದುಗೆ

ಜರ್ಮನಿಯ ಅಡಾಲ್ಫ್ ಹಿಟ್ಲರ್ ಮೊದಲು ಹಿಡಿದದ್ದು ಅಡ್ಡದಾರಿ. 1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನ ಬಿಯರ್ ಸಭಾಂಗಣವೊಂದರಿಂದ ದಂಗೆ ಎಬ್ಬಿಸಲು ಹೋಗಿ ಸಿಕ್ಕಿಬಿದ್ದ. ರಾಜದ್ರೋಹಕ್ಕೆ ಶಿಕ್ಷೆ ಬರೀ ಐದು ವರ್ಷ. ಅದರಲ್ಲೂ ಒಂಬತ್ತು ತಿಂಗಳೊಳಗೆ ಬಿಡುಗಡೆ. ಬಂದೂಕಿನಿಂದ ಆಗದ್ದನ್ನು ಮತಪೆಟ್ಟಿಗೆಯಿಂದ ಮಾಡಬೇಕೆಂದು ಅವನು ನಿರ್ಧರಿಸಿದ್ದು ಆಮೇಲೆ.

1928ರಲ್ಲಿ ಅವನ ನಾಜಿ ಪಕ್ಷಕ್ಕೆ ಬಿದ್ದ ಮತ ಶೇ 2.6. ಆಗ ಜರ್ಮನಿಯಲ್ಲಿ ಕೆಲಸವಿತ್ತು, ನಾಣ್ಯ ಸ್ಥಿರವಾಗಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಜರ್ಮನಿಗೆ ಸಾಲ ಕೊಟ್ಟಿದ್ದ ಅಮೆರಿಕದ ಬ್ಯಾಂಕುಗಳು ಹಣ ವಾಪಸು ಕೇಳಿದವು. 1932ರ ಆರಂಭಕ್ಕೆ ನಿರುದ್ಯೋಗಿಗಳು ಸುಮಾರು 60 ಲಕ್ಷ. ನಾಜಿಗಳ ಮತ 1930ರಲ್ಲಿ ಶೇ 18.3ಕ್ಕೆ, 1932ರ ಜುಲೈನಲ್ಲಿ ಶೇ 37.3ಕ್ಕೆ ಏರಿತು.

ನಿರುದ್ಯೋಗಿಗಳೇ ಹಿಟ್ಲರನನ್ನು ಗೆಲ್ಲಿಸಿದರೆಂಬ ತಪ್ಪು ತಿಳಿವಳಿಕೆ ಇದೆ. ಕೆಲಸ ಕಳೆದುಕೊಂಡ ಕಾರ್ಮಿಕರು ಹೆಚ್ಚಾಗಿ ಒಲಿದದ್ದು ಕಮ್ಯುನಿಸ್ಟರ ಕಡೆಗೆ. ಹಿಟ್ಲರನ ಗಟ್ಟಿ ನೆಲೆ ಪ್ರಾಟೆಸ್ಟಂಟ್ ಹಳ್ಳಿಗಳ ರೈತರು, ಸಣ್ಣ ಅಂಗಡಿಯವರು, ನೌಕರರು. ಇನ್ನೂ ಎಲ್ಲವನ್ನೂ ಕಳೆದುಕೊಳ್ಳದವರು, ಕಳೆದುಕೊಂಡೇವೆಂದು ಹೆದರಿದವರು.

ಅದರ ಜೊತೆಗೆ ಸಂಸತ್ತು ಬಡವಾಗುತ್ತಿತ್ತು. ಸಂವಿಧಾನದ 48ನೇ ವಿಧಿ ತುರ್ತು ಸಮಯದಲ್ಲಿ ಸುಗ್ರೀವಾಜ್ಞೆ ಹೊರಡಿಸಲು ಅಧ್ಯಕ್ಷರಿಗೆ ಅವಕಾಶ ಕೊಟ್ಟಿತ್ತು. 1930ರಿಂದ ಅದೇ ದಿನನಿತ್ಯದ ಆಡಳಿತವಾಯಿತು. ಉಪ್ಪಿನಕಾಯಿಯನ್ನೇ ಊಟ ಮಾಡಿಕೊಂಡಂತೆ! ಹಿಟ್ಲರ್ ಬರುವ ಮೊದಲೇ ಜರ್ಮನ್ನರಿಗೆ ಸಂಸತ್ತಿಲ್ಲದ ಆಳ್ವಿಕೆ ರೂಢಿಯಾಗಿತ್ತು.

1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳು ಜಾರಿದರು. ಮತ ಶೇ 33.1ಕ್ಕೆ ಇಳಿಯಿತು, 34 ಸ್ಥಾನ ಹೋಯಿತು, ಪಕ್ಷದ ಬೊಕ್ಕಸ ಬರಿದಾಯಿತು. ಉಬ್ಬರ ಇಳಿಯುತ್ತಿದೆ ಎಂದು ಹಲವರು ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಕುರ್ಚಿ ಕಳೆದುಕೊಂಡಿದ್ದ ಮಾಜಿ ಚಾನ್ಸಲರ್ ಫ್ರಾಂಜ್ ಫಾನ್ ಪಾಪೆನ್, ತನ್ನ ಜಾಗಕ್ಕೆ ಬಂದ ಕುರ್ಟ್ ಫಾನ್ ಶ್ಲೈಷರ್ ಮೇಲೆ ಹಗೆ ತೀರಿಸಿಕೊಳ್ಳಲು ಹೊರಟ. 1933ರ ಜನವರಿ 4ರಂದು ಕಲೋನ್‌ನಲ್ಲಿ ಒಬ್ಬ ಬ್ಯಾಂಕರ್ ಮನೆಯಲ್ಲಿ ಹಿಟ್ಲರನ ಜೊತೆ ಮಾತುಕತೆ ನಡೆಯಿತು. 85 ವರ್ಷದ ಅಧ್ಯಕ್ಷ ಹಿಂಡೆನ್‌ಬರ್ಗ್‌ಗೆ ಹಿಟ್ಲರ್ ಎಂದರೆ ಅಷ್ಟಕ್ಕಷ್ಟೆ. ಮಗ, ಆಪ್ತರು, ಪಾಪೆನ್ ಎಲ್ಲ ಸೇರಿ ಒಪ್ಪಿಸಿದರು.

ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಸಂಪುಟದಲ್ಲಿ ಅವನೂ ಸೇರಿ ನಾಜಿಗಳು ಮೂವರೇ. ಪಾಪೆನ್ ಉಪಚಾನ್ಸಲರ್, ಎರಡು ತಿಂಗಳಲ್ಲಿ ಇವನನ್ನು ಮೂಲೆಗೆ ಒತ್ತುತ್ತೇವೆ ಎಂಬುದು ಅವನ ಹಮ್ಮು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದು, ಪಡಸಾಲೆಯಲ್ಲೇ ಕೂತಿರುತ್ತಾಳೆಂದು ನಂಬಿದ ಹಾಗೆ.

52 ದಿನಗಳು

ಇಟಲಿಯಲ್ಲಿ ನಾಲ್ಕು ವರ್ಷ ಹಿಡಿದದ್ದು ಜರ್ಮನಿಯಲ್ಲಿ ವಾರಗಳಲ್ಲಿ ಮುಗಿಯಿತು.

ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರಿನಸ್ ಫಾನ್ ಡರ್ ಲುಬ್ಬೆ ಎಂಬ ಡಚ್ ಯುವಕ ಅಲ್ಲೇ ಸಿಕ್ಕಿಬಿದ್ದ. ಇದು ಕಮ್ಯುನಿಸ್ಟರ ಸಂಚೆಂದು ಸಾರಿ ಮರುದಿನವೇ ಆಜ್ಞೆ ಹೊರಟಿತು. ಮಾತನಾಡುವ, ಬರೆಯುವ, ಸಭೆ ಸೇರುವ ಹಕ್ಕುಗಳೆಲ್ಲ ಅಮಾನತು. ಸಾವಿರಾರು ಜನ ಸೆರೆಗೆ. ಸಹಿ ಹಿಂಡೆನ್‌ಬರ್ಗ್‌ನದು, ಅಧಿಕಾರ ಅದೇ 48ನೇ ವಿಧಿಯದು.

ಇಷ್ಟು ಬೆದರಿಕೆಯ ನಡುವೆಯೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ ಬಹುಮತ ಸಿಗಲಿಲ್ಲ; ಮತ ಶೇ 43.9. ಮುಕ್ತ ಚುನಾವಣೆಯಲ್ಲಿ ಜರ್ಮನ್ನರ ಬಹುಮತ ಹಿಟ್ಲರನಿಗೆ ಎಂದೂ ಬಿದ್ದಿಲ್ಲ.

ಮಾರ್ಚ್ 23ರಂದು, ಸುಟ್ಟ ಭವನದ ಬದಲು ಕ್ರೋಲ್ ನಾಟಕಶಾಲೆಯಲ್ಲಿ ಸಂಸತ್ತು ಸೇರಿತು. ಸಂಸತ್ತಿನ ಒಪ್ಪಿಗೆ ಇಲ್ಲದೆಯೇ ಕಾನೂನು ಮಾಡುವ ಹಕ್ಕನ್ನು ಸರ್ಕಾರಕ್ಕೆ ಕೊಡುವ ಮಸೂದೆ. ಮೂರನೇ ಎರಡರಷ್ಟು ಮತ ಬೇಕು. ಸಮವಸ್ತ್ರದ ನಾಜಿ ಪಡೆ ಹಜಾರದ ತುಂಬ ನಿಂತಿತ್ತು. ಕಮ್ಯುನಿಸ್ಟ್ ಸಂಸದರನ್ನು ಒಳಗೇ ಬಿಡಲಿಲ್ಲ. ಕ್ಯಾಥೊಲಿಕ್ ಪಕ್ಷ ಭರವಸೆಗಳನ್ನು ನಂಬಿ ಕೈಯೆತ್ತಿತು. ಸಮಾಜವಾದಿ ನಾಯಕ ಆಟೊ ವೆಲ್ಸ್ ಒಬ್ಬರೇ ಎದ್ದು ವಿರೋಧಿಸಿ ಮಾತನಾಡಿದರು. 444ರ ಎದುರು 94. ಹಿಟ್ಲರ್ ಗದ್ದುಗೆ ಏರಿದ 52ನೇ ದಿನ ಸಂಸತ್ತು ತನ್ನ ಉಯಿಲಿಗೆ ತಾನೇ ಹೆಬ್ಬೆಟ್ಟೊತ್ತಿತು.

ಜುಲೈ 14ಕ್ಕೆ ನಾಜಿ ಪಕ್ಷವೊಂದೇ ಉಳಿಯಿತು. ಮರುವರ್ಷ ಜೂನ್ 30ರಂದು ಹಿಟ್ಲರ್ ತನ್ನವರನ್ನೂ ಹಳೆಯ ಎದುರಾಳಿಗಳನ್ನೂ ಕೊಲ್ಲಿಸಿದ. ಸತ್ತವರಲ್ಲಿ ಶ್ಲೈಷರ್ ಇದ್ದ. ಪಾಪೆನ್ ಗೃಹಬಂಧನದಲ್ಲಿದ್ದ, ಅವನ ಆಪ್ತ ಸಹಾಯಕರು ಹೆಣವಾಗಿದ್ದರು. ಹಿಟ್ಲರನನ್ನು ಮೂಲೆಗೆ ಒತ್ತುತ್ತೇನೆಂದವನ ಜೀವ ಉಳಿದದ್ದೇ ಹೆಚ್ಚಾಯಿತು.

ದಂಡನಾಯಕ, ದೊರೆ, ಮೇಷ್ಟ್ರು, ಗುಮಾಸ್ತ

ಎಲ್ಲ ಸರ್ವಾಧಿಕಾರಿಗಳೂ ಒಂದೇ ಅಚ್ಚಿನವರಲ್ಲ. ಹಂಗೆರಿಯಲ್ಲಿ 1920ರಿಂದ ಆಳಿದ ಹೊರ್ತಿ ನೌಕಾದಳದ ಅಡ್ಮಿರಲ್, ದೇಶಕ್ಕೆ ಸಮುದ್ರವಿಲ್ಲ. ಪದವಿ ರಾಜಪ್ರತಿನಿಧಿ, ದೇಶಕ್ಕೆ ರಾಜನಿಲ್ಲ. ಪೋಲೆಂಡಿನಲ್ಲಿ 1926ರಲ್ಲಿ ಸೇನಾನಿ ಪಿಲ್ಸುಡ್‌ಸ್ಕಿ ಸೈನ್ಯದೊಂದಿಗೆ ರಾಜಧಾನಿಗೆ ಬಂದ. ಯುಗೊಸ್ಲಾವಿಯದಲ್ಲಿ 1929ರಲ್ಲಿ, ರೊಮೇನಿಯದಲ್ಲಿ 1938ರಲ್ಲಿ ದೊರೆಗಳೇ ಸಂವಿಧಾನ ಮಡಿಸಿಟ್ಟರು. ಪೋರ್ಚುಗಲ್‌ನಲ್ಲಿ ಸಲಾಜಾರ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ, ಲೆಕ್ಕಪತ್ರ ಸರಿಮಾಡಲೆಂದು ಬಂದವನು, 1932ರಿಂದ 1968ರವರೆಗೆ ಪ್ರಧಾನಿಯಾಗಿ ಉಳಿದ. ಸ್ಪೇನಿನ ಫ್ರಾಂಕೊ ಮಾತ್ರ ಮೂರು ವರ್ಷದ ಅಂತರ್ಯುದ್ಧದಲ್ಲಿ ರಕ್ತ ಹರಿಸಿಯೇ ಬಂದ.

ಸೋವಿಯತ್ ರಷ್ಯಾದ ಸ್ಟಾಲಿನ್‌ನನ್ನು ಜಮೀನ್ದಾರರೂ ದೊರೆಗಳೂ ಕರೆಯಲಿಲ್ಲ. ಅಲ್ಲಿ ಅವರು ಉಳಿದೇ ಇರಲಿಲ್ಲ. ಅವನ ದಾರಿ ಪಕ್ಷದ ಕಚೇರಿಯ ಒಳಗಿನದು. 1922ರಲ್ಲಿ ಅವನಿಗೆ ಸಿಕ್ಕಿದ ಪ್ರಧಾನ ಕಾರ್ಯದರ್ಶಿ ಹುದ್ದೆಯನ್ನು ಭಾಷಣಕಾರ ನಾಯಕರು ಗುಮಾಸ್ತೆಯ ಕೆಲಸವೆಂದು ಬಗೆದರು. ಯಾವ ಊರಿಗೆ ಯಾರು ಕಾರ್ಯದರ್ಶಿ ಎಂದು ನೇಮಿಸುವವನು ಮುಂದೊಂದು ದಿನ ಮತ ಎಣಿಸುವವರನ್ನೂ ನೇಮಿಸುತ್ತಾನೆ ಎಂದು ಅವರಿಗೆ ಹೊಳೆಯಲಿಲ್ಲ. ಅವನನ್ನು ಆ ಸ್ಥಾನದಿಂದ ತೆಗೆಯಬೇಕೆಂದು ಲೆನಿನ್ ಬರೆದಿಟ್ಟ ಮಾತನ್ನು, ಲೆನಿನ್ ಸತ್ತ ಮೇಲೆ, ಸಹೋದ್ಯೋಗಿಗಳೇ ಬದಿಗಿಟ್ಟರು. ಮುಂದಿನ ಹದಿನೈದು ವರ್ಷಗಳಲ್ಲಿ ಅವರಲ್ಲಿ ಬಹುತೇಕರು ಅವನ ಕೈಯಿಂದಲೇ ಸತ್ತರು.

ಜನ ಯಾಕೆ ಒಪ್ಪಿದರು?

ಹೆದರಿಕೆ ಒಂದೇ ಉತ್ತರವಲ್ಲ. ಜರ್ಮನಿಯಲ್ಲಿ 1933ರಿಂದ 76 ಮಾರ್ಕಿಗೆ ‘ಜನರ ರೇಡಿಯೊ’ ಮಾರಾಟಕ್ಕೆ ಬಂತು. ನಾಯಕನ ದನಿ ಅಡುಗೆಮನೆಗೆ ಇಳಿಯಿತು. ರಸ್ತೆ ಕಾಮಗಾರಿ, ಶಸ್ತ್ರ ತಯಾರಿಕೆಯಿಂದ ಕೆಲಸ ಸಿಕ್ಕಿತು. ಅಗ್ಗದ ಪ್ರವಾಸ, ಮಕ್ಕಳಿಗೆ ಸಮವಸ್ತ್ರ, ಹಬ್ಬದಂಥ ಮೆರವಣಿಗೆ. ಪಕ್ಕದ ಮನೆಯ ಯಹೂದಿಯ ಅಂಗಡಿಗೆ ಬೀಗ ಬಿದ್ದಾಗ, ನಮಗೇನೂ ಆಗಿಲ್ಲವಲ್ಲ ಎಂದು ಕದ ಹಾಕಿಕೊಂಡವರು ಬಹಳ.

ಹೊರಗಿನವರೂ ಮರುಳಾದರು. 1927ರಲ್ಲಿ ರೋಮ್‌ಗೆ ಹೋದ ವಿನ್‌ಸ್ಟನ್ ಚರ್ಚಿಲ್ ಮುಸೊಲಿನಿಯನ್ನು ಬಾಯ್ತುಂಬ ಹೊಗಳಿದರು. 1926ರಲ್ಲಿ ಅವನ ಆತಿಥ್ಯ ಪಡೆದ ರವೀಂದ್ರನಾಥ ಟ್ಯಾಗೋರರ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಪ್ರಚಾರಕ್ಕೆ ಬಳಸಿಕೊಂಡವು. ಸಂಗತಿ ತಿಳಿದ ಮೇಲೆ ಅವರು ಬಹಿರಂಗ ಪತ್ರ ಬರೆದು ಫ್ಯಾಸಿಸಂ ಅನ್ನು ಖಂಡಿಸಿದರು. ಹತ್ತು ವರ್ಷದ ನಂತರ, ಸ್ವಿಟ್ಜರ್‌ಲೆಂಡಿನಲ್ಲಿ ಹೆಂಡತಿಯನ್ನು ಕಳೆದುಕೊಂಡು ರೋಮ್ ಮೂಲಕ ಮರಳುತ್ತಿದ್ದ ಜವಾಹರಲಾಲ್ ನೆಹರೂಗೆ ಮುಸೊಲಿನಿಯ ಭೇಟಿಗೆ ಬರುವಂತೆ ಒತ್ತಾಯ ಬಂತು. ಇಟಲಿ ಆಗ ಅಬಿಸೀನಿಯದ ಮೇಲೆ ಯುದ್ಧ ಮಾಡುತ್ತಿತ್ತು. ಈ ಭೇಟಿ ನಾಳೆ ಏನಾಗಿ ಅಚ್ಚಾಗುತ್ತದೆಂದು ಬಲ್ಲ ನೆಹರೂ ಒಪ್ಪಲಿಲ್ಲ.

ತೆರೆಯದ ಬಾಗಿಲುಗಳು

ಬಡತನ, ಸಿಟ್ಟು, ಕಮ್ಯುನಿಸ್ಟರ ಭಯ ಇದ್ದ ಕಡೆಯೆಲ್ಲ ಸರ್ವಾಧಿಕಾರ ಬರಲೇಬೇಕೆಂದಿರಲಿಲ್ಲ. ಫಿನ್‌ಲೆಂಡ್ ರಷ್ಯಾದ ಮಗ್ಗುಲಲ್ಲೇ ಇತ್ತು, 1918ರಲ್ಲಿ ಅಂತರ್ಯುದ್ಧ ಕಂಡಿತ್ತು. ಅಲ್ಲಿ ಲಾಪುವಾ ಚಳವಳಿಯವರು ಎಡಪಂಥೀಯರನ್ನು ಹೊತ್ತೊಯ್ದು ಥಳಿಸುತ್ತಿದ್ದರು. 1931ರಲ್ಲಿ ಅವರ ಬೆಂಬಲದಿಂದ ಅಧ್ಯಕ್ಷರಾದವರು ಸ್ವಿನ್‌ಹುವುದ್ ಎಂಬ ಕಟ್ಟಾ ಸಂಪ್ರದಾಯವಾದಿ. ಮರುವರ್ಷ ಚಳವಳಿಯವರು ಮ್ಯಾಂಟ್ಸ್ಯಾಲ ಎಂಬಲ್ಲಿ ಬಂದೂಕು ಹಿಡಿದು ಸೇರಿ ಸರ್ಕಾರ ಕೆಳಗಿಳಿಯಬೇಕೆಂದರು. ಹತ್ತು ವರ್ಷದ ಹಿಂದಿನ ರೋಮ್‌ನದೇ ನಾಟಕ.

ಇಲ್ಲಿ ಅಂಕ ಬದಲಾಯಿತು. ಅಧ್ಯಕ್ಷರು ಸೈನ್ಯವನ್ನು ಸಜ್ಜುಗೊಳಿಸಿ, ಮಾರ್ಚ್ 2ರಂದು ರೇಡಿಯೊದಲ್ಲಿ ಮಾತನಾಡಿದರು. ಸಾಮಾನ್ಯ ಜನ ಶಾಂತವಾಗಿ ಮನೆಗೆ ಮರಳಿದರೆ ಶಿಕ್ಷೆಯಿಲ್ಲ, ನಾಯಕರಿಗೆ ಕ್ಷಮೆಯಿಲ್ಲ. ಜನ ಮರಳಿದರು. ಕಮ್ಯುನಿಸ್ಟರ ವಿರುದ್ಧ ಮಾಡಿಸಿಕೊಂಡಿದ್ದ ಕಾಯ್ದೆಯ ಅಡಿಯಲ್ಲೇ ಚಳವಳಿ ನಿಷೇಧವಾಯಿತು.

ಬೆಲ್ಜಿಯಂನಲ್ಲಿ 1937ರಲ್ಲಿ ರೆಕ್ಸ್ ಪಕ್ಷದ ನಾಯಕ ಲಿಯಾನ್ ದಗ್ರೆಲ್ ಬ್ರಸೆಲ್ಸ್ ಉಪಚುನಾವಣೆಗೆ ನಿಂತ. ಅವನೆದುರು ಪ್ರಧಾನಿ ಪೌಲ್ ಫಾನ್ ಜೀಲಾಂಡ್ ಸ್ವತಃ ನಿಂತರು; ಎಂದೂ ಕೂಡದ ಕ್ಯಾಥೊಲಿಕರು, ಉದಾರವಾದಿಗಳು, ಸಮಾಜವಾದಿಗಳು, ಕಮ್ಯುನಿಸ್ಟರು ಕೂಡಿದರು. ಪ್ರಧಾನಿಗೆ ನಾಲ್ಕರಲ್ಲಿ ಮೂರು ಪಾಲು ಮತ ಬಿತ್ತು. ದಗ್ರೆಲ್ ತಾನು ನೆಚ್ಚಿದ್ದ ಸಂಪ್ರದಾಯಸ್ಥರ ಮನೆಗಳಲ್ಲೇ ಬಾಗಿಲು ಮುಚ್ಚಿದ್ದನ್ನು ಕಂಡ.

ಒಂದು ಸಹಿಯ ಲೆಕ್ಕ

ಮತ್ತೆ ರೋಮ್‌ಗೆ ಬರೋಣ. 1943ರ ಜುಲೈ 25. ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದಿದ್ದವು, ಇಟಲಿ ಸೋಲಿನ ಅಂಚಿನಲ್ಲಿತ್ತು. ವಿಕ್ಟರ್ ಇಮ್ಯಾನುಯೆಲ್ ಮುಸೊಲಿನಿಯನ್ನು ತನ್ನ ನಿವಾಸಕ್ಕೆ ಕರೆಸಿ, ನೀನಿನ್ನು ಪ್ರಧಾನಿಯಲ್ಲ ಎಂದ. ಹೊರಗೆ ಬಂದವನನ್ನು ಪೊಲೀಸರು ಆಂಬುಲೆನ್ಸ್‌ನಲ್ಲಿ ಕೂರಿಸಿ ಒಯ್ದರು. 1922ರಲ್ಲಿ ದೊರೆಗಿದ್ದ ಅಧಿಕಾರವೇ 1943ರಲ್ಲೂ ಇದ್ದದ್ದು. ನಡುವೆ ಸುಮಾರು 21 ವರ್ಷ, ಅಬಿಸೀನಿಯ, ಒಂದು ಮಹಾಯುದ್ಧ.

1946ರ ಜೂನ್ 2ರಂದು ಇಟಲಿಯ ಜನ, ಮೊದಲ ಬಾರಿಗೆ ರಾಷ್ಟ್ರಮಟ್ಟದ ಮತ ಪಡೆದ ಹೆಂಗಸರೂ ಸೇರಿ, ಅರಸೊತ್ತಿಗೆ ಬೇಡವೆಂದರು. ಮುದಿ ದೊರೆ ಅಷ್ಟರಲ್ಲಿ ಪಟ್ಟ ಬಿಟ್ಟು ಈಜಿಪ್ಟ್ ಸೇರಿದ್ದ, ಅಲ್ಲೇ ಸತ್ತ. ಹೊಸ ಸಂವಿಧಾನ ಅವನ ವಂಶದ ಗಂಡು ಸಂತಾನ ಇಟಲಿಯ ನೆಲಕ್ಕೆ ಕಾಲಿಡಕೂಡದೆಂದು ಬರೆಯಿತು. ಆ ಬಾಗಿಲು ತೆರೆದದ್ದು 2002ರಲ್ಲಿ.